ಏಳನೇ ನಂಬರ್ ಬಂಡಿಯ ತುಕ್ಕು

ಅಕ್ಟೋಬರ್ 6, ಭಾನುವಾರ

ಬೆಳಗಿನಿಂದ ಮೈ ಉರಿಯುತ್ತಿದೆ. ಬರೆದಾದರೂ ಸಿಟ್ಟು ಇಳಿಸಿಕೊಳ್ಳೋಣವೆಂದು ಕೂತಿದ್ದೇನೆ.

ಇವತ್ತು ಹಿರುಕಾವಾ ಅಧ್ಯಕ್ಷರು ನಮ್ಮ ರೈಲು ಉಳಿಸುವ ಸಂಘದವರನ್ನೆಲ್ಲ ಹಳೆಯ ಟಿಕೆಟ್ ಕೋಣೆಯಲ್ಲಿ ಕೂರಿಸಿದರು. ಪುರಸಭೆಯಿಂದ ಕಟಾಗಿರಿ ಎಂಬ ಅಧಿಕಾರಿ ಬಂದಿದ್ದ. ವಸಂತದಲ್ಲಿ ಪುರಸಭೆಯ ಹೊಸ ಕಟ್ಟಡ ತೆರೆಯುತ್ತದಂತೆ. ಅದರ ಹಜಾರದಲ್ಲಿ ಗಾಜಿನ ಪೆಟ್ಟಿಗೆಯೊಳಗೆ ನಮ್ಮ ಏಳನೇ ನಂಬರ್ ಬಂಡಿಯ ಪುಟ್ಟ ಮಾದರಿ ಇಡಬೇಕಂತೆ. ಅದನ್ನು ನರಾಸಾಕಿ ಸಾನ್ ಅವರೇ ಮಾಡಿಕೊಡಬೇಕು ಎಂದು ನನ್ನ ಕಡೆ ತಿರುಗಿ ತಲೆಬಾಗಿಸಿದ.

ನಾನೇನು ಕಲ್ಲೇ? ಉಬ್ಬಿಹೋದೆ. ಈ ಕಣಿವೆಯ ಅರ್ಧ ಬಾಯಿಗಳಿಗೆ ಕಟ್ಟುಹಲ್ಲು ಮಾಡಿಕೊಟ್ಟು ನಿವೃತ್ತಳಾದವಳು ನಾನು. ಆಮೇಲೆ ಮನೆಯ ಮೂಲೆಯಲ್ಲಿ ಕೂತು ಅದೇ ಚಿಮಟ, ಅದೇ ಅರಗಳಿಂದ ಪುಟ್ಟ ರೈಲು ಮಾಡುತ್ತ ಬಂದಿದ್ದೇನೆ. ತೋರಿಸು ಎಂದು ಇದುವರೆಗೆ ಯಾರೂ ಕೇಳಿರಲಿಲ್ಲ. ಹಾಗಾಗಿ ಜಂಬದಲ್ಲಿ ನಾನೇ ಒಂದು ಷರತ್ತು ಹಾಕಿದೆ: ನಿಜದ ಬಂಡಿಯನ್ನು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹೋಲಬೇಕು, ಹೋಲದಿದ್ದರೆ ನಾನು ಕೊಡುವುದಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ಕಟಾಗಿರಿ ಅದನ್ನೂ ಕರಾರಿಗೆ ಸೇರಿಸಿಕೊಂಡ.

ಆಮೇಲೆ ಒಂದು ಗುಟುಕು ಚಹಾ ಕುಡಿದು ಉಳಿದದ್ದನ್ನು ಹೇಳಿದ. ಮಾದರಿ ನಿಜದ್ದನ್ನು ಹೋಲುತ್ತದೆಂದು ಎರಡೂ ಕಡೆಯವರು ಒಪ್ಪಿದ ಮೇಲೆ ನಿಜದ ಬಂಡಿಯನ್ನು ಕತ್ತರಿಸಿ ತೆಗೆಯುತ್ತಾರೆ. ಸೂರು ಸೋರುತ್ತದೆ, ರಿಪೇರಿಗೆ ಹಣವಿಲ್ಲ, ಮಾದರಿಯೊಂದು ಉಳಿದರೆ ನೆನಪು ಉಳಿದ ಹಾಗೆಯೇ.

ಅಂದರೆ ಅದರ ಕುತ್ತಿಗೆಗೆ ಕತ್ತಿ ಮಸೆಯುವವಳು ನಾನು. ಕುಸಾಬಾ ರೈಲು ಮಾರ್ಗ ಮುಚ್ಚಿ ಇಪ್ಪತ್ತೆರಡು ವರ್ಷವಾಯಿತು. ಹಳಿ ಹೋಯಿತು, ಸೇತುವೆ ಹೋಯಿತು. ಈಗ ಮ್ಯೂಸಿಯಂ ಆಗಿರುವ ಈ ಕೊನೆಯ ನಿಲ್ದಾಣದ ಹಿಂದೆ ಉಳಿದಿರುವುದು ಈ ಒಂಟಿ ಡೀಸೆಲ್ ಬಂಡಿ ಮಾತ್ರ. ನಾನು ಅಧ್ಯಕ್ಷರ ಮುಖ ನೋಡಿದೆ. ಅವರು ತಮ್ಮ ಚಹಾದ ಬಟ್ಟಲೊಳಗೆ ನೋಡುತ್ತಿದ್ದರು. ಅವರಿಗೆ ಮೊದಲೇ ಗೊತ್ತಿತ್ತು.

"ನಿಜದ್ದಕ್ಕಿಂತ ನೀವು ಮಾಡಿದ್ದೇ ಚೆನ್ನಾಗಿರುತ್ತೆ, ನರಾಸಾಕಿ ಸಾನ್. ಅದಕ್ಕೆ ತುಕ್ಕೂ ಹಿಡಿಯಲ್ಲ," ಅಂದರು.

ಈ ಮನುಷ್ಯ ಹೆಡ್‌ಮಾಸ್ಟರ್ ಆಗಿದ್ದಾಗ ಮಕ್ಕಳಿಗೆ ನೀತಿಪಾಠ ಹೇಳಿದವರು.

ಅಕ್ಟೋಬರ್ 12, ಶನಿವಾರ

ಆಗುವುದಿಲ್ಲ ಎಂದು ಅಧ್ಯಕ್ಷರಿಗೆ ಹೇಳಿಬಿಡಬೇಕೆಂದೇ ಮ್ಯೂಸಿಯಂಗೆ ಹೋದೆ. ಓಗುಶಿ ಮುದುಕ ಎಂದಿನಂತೆ ಟೋಪಿ ಹಾಕಿಕೊಂಡು ಏಳನೇ ನಂಬರಿನ ಚಾಲಕನ ಸೀಟಿನಲ್ಲಿ ಕೂತು ಅನ್ನದುಂಡೆ ತಿನ್ನುತ್ತಿದ್ದ. ಮಾರ್ಗ ಮುಚ್ಚುವವರೆಗೂ ಈ ಬಂಡಿ ಓಡಿಸಿದವನು ಅವನೇ. ಈಗ ಎಂಬತ್ತು ವರ್ಷ. ವಾರದ ಕೊನೆಗೆ ಬಂದು ಸುಮ್ಮನೆ ಕೂರುವುದನ್ನೇ ಸ್ವಯಂಸೇವೆ ಎಂದುಕೊಂಡಿದ್ದಾನೆ.

ನಾನು ಒಲ್ಲೆ ಎಂದರೆ ಪಟ್ಟಣದಿಂದ ಯಂತ್ರ ಇಟ್ಟುಕೊಂಡವರನ್ನು ಕರೆಸುತ್ತಾರೆ, ಅವರು ಅರ್ಧ ದಿನದಲ್ಲಿ ಅಳೆದು ಮುಗಿಸುತ್ತಾರೆ ಎಂದ.

"ಒಪ್ಕೊಂಡು ಕೂತ್ಕೋ, ಹಲ್ಲಕ್ಕ. ನೀನೆಷ್ಟು ನಿಧಾನ ಅಂತ ಊರಿಗೇ ಗೊತ್ತು. ನನ್ನ ಕೆಳಗಿನ ಸೆಟ್ಟಿಗೆ ನಾಲ್ಕು ತಿಂಗಳು ಗಂಜಿ ಕುಡಿಸಿದೋಳು ನೀನು."

ಅವನ ದವಡೆಯೇ ಸೊಟ್ಟ, ನಾನೇನು ಮಾಡಲಿ? ಆದರೆ ಮಾತು ತಲೆಯಲ್ಲಿ ಕೂತುಬಿಟ್ಟಿತು. ಮಾದರಿ ಮುಗಿಯುವವರೆಗೆ ಬಂಡಿಯನ್ನು ಯಾರೂ ಮುಟ್ಟುವಂತಿಲ್ಲ. ಹಾಗಾದರೆ ಮುಗಿಯುವುದಿಲ್ಲ, ಅಷ್ಟೆ.

ನವೆಂಬರ್ 16, ಶನಿವಾರ

ಎಡಗಡೆಯ ಚಕ್ರಗಳನ್ನು ಮತ್ತೆ ಅಳೆದೆ. ಕಟಾಗಿರಿ ಫೋನ್ ಮಾಡಿ, ತೊಂದರೆ ಕೊಡುತ್ತಿದ್ದೇನೆ ಕ್ಷಮಿಸಿ, ಎಲ್ಲಿಯವರೆಗೆ ಬಂತು ಎಂದು ಕೇಳಿದ. ಅಳತೆಯೇ ಮುಗಿದಿಲ್ಲ ಎಂದೆ. ಸುಳ್ಳು ಹೇಳುವುದು ಇಷ್ಟು ಸುಲಭವೆಂದು ಗೊತ್ತಿದ್ದರೆ ಬದುಕಿನಲ್ಲಿ ಇನ್ನೂ ಮುಂದೆ ಹೋಗುತ್ತಿದ್ದೆ. ಮನೆಯಲ್ಲಿ ಹಿತ್ತಾಳೆ ತಗಡಿನ ಸೂರು ಬೆಸೆದು ಆಗಿದೆ. ನಾಳೆ ಬಿಚ್ಚಿ ಇನ್ನೊಂದು ಮಾಡುತ್ತೇನೆ.

ಮಧ್ಯಾಹ್ನ ಫೋಟೋ ತೆಗೆಯುವ ಗುಂಪೊಂದು ಬಂದು, ಫೋಟೋದಲ್ಲಿ ಬರುತ್ತೀರಿ ಸರಿಯಿರಿ ಎಂದು ನನಗೇ ಕೈ ಬೀಸಿತು. ನನ್ನ ಮ್ಯೂಸಿಯಂನಲ್ಲಿ ನನಗೆ! ನಾನು ಸರಿಯಲಿಲ್ಲ. ಅವರ ಎಲ್ಲ ಫೋಟೋಗಳಲ್ಲೂ ನಾನು ಅಳತೆಪಟ್ಟಿ ಹಿಡಿದು ನಿಂತಿರುತ್ತೇನೆ.

ಮುದುಕ ಮೇಲೆ ಚಾಲಕನ ಸೀಟಿನಿಂದಲೇ ನೋಡುತ್ತಿದ್ದ. ಶವಪೆಟ್ಟಿಗೆ ಮಾಡುವವನು ಅಳತೆ ತೆಗೆದ ಹಾಗೆ ಕಾಣುತ್ತೀಯ ಎಂದ. ಕೋಳಿ ಕಾವಿಗೆ ಕೂತ ಹಾಗೆ ಕೂರುವ ಬದಲು ಕಿಟಕಿಯನ್ನಾದರೂ ಒರೆಸಬಾರದೇ ಎಂದೆ. ಚಾಲಕರು ಕಿಟಕಿ ಒರೆಸುವುದಿಲ್ಲವಂತೆ.

ಡಿಸೆಂಬರ್ 8, ಭಾನುವಾರ

ಮೊದಲ ಹಿಮ. ಮಾದರಿಗೆ ಮೂರನೇ ಸಲ ಸೂರು ಮಾಡಿದ್ದೇನೆ, ಈ ಸಲದ್ದು ನಿಜಕ್ಕೂ ಚೆನ್ನಾಗಿ ಬಂದಿದೆ. ನಿಜದ ಬಂಡಿಯ ಸೂರಿಗೆ ದಪ್ಪ ಕ್ಯಾನ್ವಾಸ್ ಹೊದಿಸಿ ಬಣ್ಣ ಬಳಿದಿರುತ್ತಾರಲ್ಲ, ಹಾಗೆಯೇ ತಗಡಿನ ಮೇಲೆ ತೆಳ್ಳನೆಯ ರೇಷ್ಮೆ ಎಳೆದು ಅಂಚು ಮಡಚಿ ಮೆರುಗೆಣ್ಣೆ ಬಳಿದೆ. ಚಹಾದ ಹೂಜಿಯಿಂದ ನೀರು ಸುರಿದು ನೋಡಿದೆ. ಒಂದು ಹನಿ ಒಳಗೆ ಇಳಿಯಲಿಲ್ಲ.

ಆ ಖುಷಿಯಲ್ಲಿ ಮ್ಯೂಸಿಯಂಗೆ ಹೋದರೆ ನಿಜದ ಬಂಡಿ ಬರಿತಲೆಯಲ್ಲಿ ನಿಂತಿದೆ! ಪ್ರತಿ ವರ್ಷ ಹಿಮ ಬೀಳುವ ಮೊದಲೇ ಸಂಘದ ಗಂಡಸರು ಸೂರಿಗೇರಿ ನೀಲಿ ಟಾರ್ಪಾಲು ಕಟ್ಟುತ್ತಿದ್ದರು. ಈ ವರ್ಷ ಕಟ್ಟಿಲ್ಲ. ಹೇಗೂ ಹೋಗುವ ಬಂಡಿ, ಯಾರು ಹತ್ತಿ ಸೊಂಟ ಮುರಿದುಕೊಳ್ಳುತ್ತಾರೆ ಎಂದರು ಅಧ್ಯಕ್ಷರು. ನೋಡಲು ಬಂದವರ ಎದುರೇ ಎಲ್ಲರ ಮಾನ ಹರಾಜು ಹಾಕಿದೆ. ಸೋಮಾರಿಗಳು, ಕೈ ತೊಳೆದುಕೊಂಡವರು, ಇನ್ನೂ ಏನೇನೋ.

ಆಮೇಲೆ ಬೇಗ ಮನೆಗೆ ಬಂದೆ. ಎರಡನೇ ಸುತ್ತಿನ ಮೆರುಗೆಣ್ಣೆ ಬಳಿಯಬೇಕಿತ್ತು.

ಜನವರಿ 3, ಶುಕ್ರವಾರ

ಅಧ್ಯಕ್ಷರಿಂದ ಹೊಸವರ್ಷದ ಕಾರ್ಡ್. ಮೇಲೆ ಏಳನೇ ನಂಬರಿನ ಚಿತ್ರ! ನಾಚಿಕೆಗೆಟ್ಟ ಮನುಷ್ಯ. ಉತ್ತರ ಬರೆಯುವುದಿಲ್ಲ.

ಬರೆದೆ. ಒಂದೇ ಸಾಲು.

ಜನವರಿ 12, ಭಾನುವಾರ

ಏಳನೇ ನಂಬರಿನ ಒಳಚಾವಣಿಯ ಹಲಗೆ ನೆನೆದು, ಅದರ ಮೇಲೆ ಕರಗಿ ನಿಂತಿದ್ದ ಹಿಮದ ಸಮೇತ ಸೀಟಿನ ಮೇಲೆ ಕುಸಿಯಿತು. ಅದೇ ಸೀಟಿನಲ್ಲಿ ಒಬ್ಬ ತಾಯಿ ಮಗಳಿಗೆ ಕಿತ್ತಳೆ ಸುಲಿದುಕೊಟ್ಟು ಆಗಷ್ಟೇ ಇಳಿದಿದ್ದಳು. ಸಿಪ್ಪೆ ಇನ್ನೂ ಅಲ್ಲೇ ಇತ್ತು. ಯಾರಿಗೂ ಏನೂ ಆಗಲಿಲ್ಲ.

ಫೋನ್ ಬಂದು ನಾನು ಓಡಿಹೋಗುವ ಹೊತ್ತಿಗೆ ಕಟಾಗಿರಿ ಬಂದು ಸುತ್ತ ಹಗ್ಗ ಕಟ್ಟಿದ್ದ. ಆ ತಾಯಿಯ ಎದುರು ಮೊಣಕಾಲಿನವರೆಗೆ ಬಾಗಿ ಕ್ಷಮೆ ಕೇಳುತ್ತಿದ್ದ. ನಾನು ಅಲ್ಲೇ ಕೂಗಾಡಿದೆ. ಟಾರ್ಪಾಲು ಕಟ್ಟದವರು ಯಾರು, ರಿಪೇರಿಗೆ ಹಣ ಕೊಡದವರು ಯಾರು, ಇದೆಲ್ಲ ನಡೆಯುವಾಗ ಒಬ್ಬರಿಗಾದರೂ ಕಣ್ಣಿರಲಿಲ್ಲವೇ ಎಂದೆ. ಕಟಾಗಿರಿ ಪೂರ್ತಿ ಕೇಳಿಸಿಕೊಂಡ. ಆಮೇಲೆ, ಕುಸಿದಾಗ ತಾವು ಇಲ್ಲಿದ್ದಿರಾ ಎಂದ. ಇಲ್ಲ, ಮನೆಯಲ್ಲಿ ಸೂರಿನ ಕೆಲಸ ಮಾಡುತ್ತಿದ್ದೆ ಎಂದೆ.

"ಯಾವ ಸೂರು?" ಎಂದು ಕೇಳಿದ.

ಕುಹಕವೇನೂ ಇರಲಿಲ್ಲ. ಅವನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ.

ಜನವರಿ 13, ಸೋಮವಾರ

ರಜೆ. ಬಂಡಿಗೆ ಏಣಿ ಇಟ್ಟು ಹತ್ತಿದೆ. ಬೇರೆ ಯಾರೂ ಹತ್ತುವುದಿಲ್ಲವಲ್ಲ. ಕೆಳಗೆ ಏಣಿ ಹಿಡಿದವನು ಓಗುಶಿ ಮುದುಕ. ಅವನನ್ನು ಕರೆದಿರಲಿಲ್ಲ, ತಾನಾಗಿ ಬಂದಿದ್ದ.

ಹಿಮ ಗುಡಿಸಿ ನೋಡಿದರೆ ಕ್ಯಾನ್ವಾಸು ಹಳೆಯ ಚಪ್ಪಲಿಯಂತೆ ಬಾಯಿ ಬಿಟ್ಟಿದೆ. ಒಳಗಿನ ಬಿಸಿಗಾಳಿ ಹೊರಹೋಗಲು ಸೂರಿನ ಮೇಲಿಟ್ಟ ಗಾಳಿಗೂಡುಗಳಲ್ಲಿ ಎರಡು ಮುರಿದಿವೆ. ಕೆಳಗಿದ್ದವನಿಗೆ ಎಲ್ಲವನ್ನೂ ಕೂಗಿ ಹೇಳಿದೆ. ಗಾಳಿಗೂಡು ಅಂದರೆ ಏನು ಎಂದ! "ಇಪ್ಪತ್ತೆಂಟು ವರ್ಷ ಓಡಿಸ್ದೆ. ನನ್ನ ತಲೆ ಮೇಲೆ ಏನಿದೆ ಅಂತ ಒಂದಿನಾನೂ ನೋಡ್ಲಿಲ್ಲ," ಎಂದ.

ಟಾರ್ಪಾಲು ಕಟ್ಟಿದೆವು. ಗಂಟು ನೆಟ್ಟಗಿಲ್ಲ, ಒಂದು ಮೂಲೆ ಹರಿದಿದೆ, ಕುತ್ತಿಗೆಯೊಳಗೆ ಹಿಮ ಇಳಿದು ಬೆನ್ನು ಮರಗಟ್ಟಿತು. ಏಣಿ ಸರಿಯಾಗಿ ಹಿಡಿಯಿರಿ ಎಂದು ಅವನನ್ನು ಕೊನೆಯವರೆಗೂ ಬೈದೆ. ಕೊನೆಯವರೆಗೂ ಹಿಡಿದಿದ್ದ.

ಫೆಬ್ರವರಿ 2, ಭಾನುವಾರ

ಇವತ್ತು ಹುರಿದ ಸೋಯಾ ಕಾಳು ಎರಚಿ ರಾಕ್ಷಸರನ್ನು ಓಡಿಸುವ ದಿನ. ಮ್ಯೂಸಿಯಂನಲ್ಲಿ ಪ್ರತಿ ವರ್ಷ ಅಧ್ಯಕ್ಷರೇ ರಾಕ್ಷಸನ ಮುಖವಾಡ ಹಾಕಿಕೊಳ್ಳುತ್ತಾರೆ, ಬಂದ ಮಕ್ಕಳೆಲ್ಲ ಕಾಳು ಎಸೆಯುತ್ತಾರೆ. ನಾನೂ ಎಸೆದೆ. ಸ್ವಲ್ಪ ಹೊತ್ತಿನ ಮೇಲೆ ಅವರು ಮುಖವಾಡ ತೆಗೆದು, ನೋಯುತ್ತಿದೆ ನರಾಸಾಕಿ ಸಾನ್ ಎಂದರು. ನೋಯಲಿ.

ಮಾರ್ಚ್ ಕೊನೆಯೇ ಗಡುವೆಂದು ಕಟಾಗಿರಿ ಹೇಳಿ ಹೋದ. ಅಷ್ಟರಲ್ಲಿ ಮಾದರಿ ಕೈಸೇರದಿದ್ದರೆ ಯಂತ್ರದವರನ್ನು ಕರೆಸುತ್ತಾರೆ, ಬಂಡಿ ಹೇಗೂ ಹೋಗುತ್ತದೆ. ಇನ್ನು ಸುಳ್ಳು ನಡೆಯುವುದಿಲ್ಲ.

ಸರಿ, ಕೊಡುತ್ತೇನೆ. ಅವರಿಗೆ ಬೇಕಿರುವುದು ಮೊದಲ ದಿನದ ಕೆಂಪು, ಕೆನೆ ಬಣ್ಣದ ಮಿರಮಿರ ಮಿಂಚುವ ಗೊಂಬೆ. ನನ್ನ ಕಸುಬಿನಲ್ಲಿ ಹಾಗೆ ಮಾಡುವುದಿಲ್ಲ. ಎಪ್ಪತ್ತರ ಮುದುಕಿಗೆ ಒಂದು ಹಲ್ಲು ಕಟ್ಟುವಾಗ ಅಕ್ಕಪಕ್ಕದ ಹಲ್ಲುಗಳನ್ನು ನೋಡಬೇಕು. ಅವುಗಳ ಚಹಾ ಕಲೆ, ಸವೆದ ಅಂಚು, ಕೂದಲಿನಂಥ ಬಿರುಕು, ಎಲ್ಲವನ್ನೂ ಹೊಸ ಹಲ್ಲಿಗೂ ಇಳಿಸಬೇಕು. ಬೆಳ್ಳಗೆ ಮಾಡಿದರೆ ಆ ಹಲ್ಲೊಂದೇ ಬಾಯಲ್ಲಿ ಎದ್ದು ನಗುತ್ತದೆ. ಏಳನೇ ನಂಬರ್ ಇವತ್ತು ಹೇಗೆ ನಿಂತಿದೆಯೋ ಹಾಗೆಯೇ ಮಾಡುತ್ತೇನೆ. ತುಕ್ಕು, ಹರಿದ ಟಾರ್ಪಾಲು, ಒಡೆದ ಮೂರನೇ ಕಿಟಕಿಗೆ ಅಂಟಿಸಿದ ಟೇಪು, ಕುಸಿದ ಹಲಗೆ, ಒಂದನ್ನೂ ಬಿಡುವುದಿಲ್ಲ. ತಾವು ಏನು ಮಾಡಿದ್ದೇವೆಂದು ಹೊಸ ಹಜಾರದಲ್ಲಿ ದಿನಾ ನೋಡಲಿ.

ಫೆಬ್ರವರಿ 22, ಶನಿವಾರ

ಇಷ್ಟು ಚೆನ್ನಾಗಿ ನಾನು ಯಾವತ್ತೂ ಕೆಲಸ ಮಾಡಿಲ್ಲ. ಸಿಟ್ಟು ಕೈಗೆ ಒಳ್ಳೆಯದು ಎಂದು ಕಾಣುತ್ತದೆ. ಬಂಡಿಯ ಬುಡದಿಂದ ಉದುರಿದ ತುಕ್ಕನ್ನೇ ತಂದು, ಹಲ್ಲಿನ ಪಿಂಗಾಣಿ ಪುಡಿ ಅರೆಯುತ್ತಿದ್ದ ಗಾಜಿನ ಹಲಗೆಯ ಮೇಲೆ ಅರೆದು ಹಚ್ಚಿದೆ. ಮುಂಭಾಗದ ತುಕ್ಕಿಗೇ ಮೂರು ದಿನ ಹಿಡಿಯಿತು.

ಇವತ್ತು ಮಾದರಿಯನ್ನು ಒಯ್ದು ಬಂಡಿಯ ಪಕ್ಕದ ಬೆಂಚಿನ ಮೇಲಿಟ್ಟೆ. ಸಂಘದವರು ಸುತ್ತ ನೆರೆದರು. ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಓಗುಶಿ ಮುದುಕ ಕೊನೆಗೆ ಬಂದು ಬಗ್ಗಿ ಬಹಳ ಹೊತ್ತು ನೋಡಿದ.

"ಮುಂದ್ಗಡೆ ಇಷ್ಟು ಹಾಳಾಗಿದ್ಯಾ?" ಎಂದ.

ವಾರವಾರವೂ ಅದರೊಳಗೆ ಕೂರುವವನು! ಹೋಗಿ ಬಂಡಿಗೆ ಸುತ್ತುಹಾಕಿ ನೋಡಿ ಬನ್ನಿ ಎಂದೆ. ಹೋಗಲಿಲ್ಲ.

"ಇದನ್ನ ಊರಿಗೆಲ್ಲ ತೋರಿಸ್ತೀಯಾ?"

"ತೋರಿಸ್ತೀನಿ."

"ಸತ್ತೋರಿಗೂ ಮುಖ ತೊಳೆದು ತಲೆ ಬಾಚಿ ಕಳಿಸ್ತಾರೆ, ಹಲ್ಲಕ್ಕ. ನಿಂಗೆ ಅಷ್ಟೂ ಬೇಡ್ವಾ?"

"ಬದುಕಿದ್ದಾಗ್ಲೇ ತೊಳೀಬೇಕಿತ್ತು ನೀವು."

ಅವನು ಟೋಪಿ ಹಾಕಿಕೊಂಡು ಹೊರಟುಹೋದ. ಸರಿಯಾಗಿಯೇ ಹೇಳಿದ್ದೇನೆ. ಒಂದಕ್ಷರ ಹಿಂದೆ ತೆಗೆದುಕೊಳ್ಳುವುದಿಲ್ಲ. ಸಂಜೆ ಊಟ ಸೇರಲಿಲ್ಲ, ಬೆಳಗಿನ ಸೂಪು ಹಳಸಿತ್ತೋ ಏನೋ.

ಮಾರ್ಚ್ 1, ಶನಿವಾರ

ಮುದುಕ ಬಂದಿಲ್ಲ. ಟೋಪಿಯ ತಾತ ಎಲ್ಲಿ ಎಂದು ನೋಡಲು ಬಂದವರು ಕೇಳುತ್ತಾರೆ. ನೆಗಡಿಯಾಗಿದೆ ಎಂದೆ. ಅವನಿಗಾಗಿ ನಾನು ಯಾಕೆ ಸುಳ್ಳು ಹೇಳಬೇಕೋ ತಿಳಿಯದು.

ಮಾರ್ಚ್ 8, ಶನಿವಾರ

ಬಾಗಿಲು ತೆರೆಯುವ ಮೊದಲೇ ಹಿಂದಿನಿಂದ ಕರಕರ ಸದ್ದು. ಹೋಗಿ ನೋಡಿದರೆ ಓಗುಶಿ! ಸೇಬಿನ ಪೆಟ್ಟಿಗೆ ಬೋರಲು ಹಾಕಿ ಅದರ ಮೇಲೆ ಕೂತು ಬಂಡಿಯ ಮುಂಭಾಗವನ್ನು ಕೆರೆಯುತ್ತಿದ್ದಾನೆ. ಬಾಯಿಂದ ಹಬೆ ಬರುತ್ತಿದೆ, ಮೀಸೆಗೆಲ್ಲ ತುಕ್ಕು ಮೆತ್ತಿದೆ. ಕೆಳಗಿನ ಅರ್ಧ ಬರಿಗಬ್ಬಿಣವಾಗಿ ಹೊಳೆಯುತ್ತಿತ್ತು. ಒಂದು ಮೂಲೆಗೆ ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಣ್ಣ ಬಳಿದೂ ಆಗಿತ್ತು. ವಾರವೆಲ್ಲ ದಿನಾ ಬಂದಿದ್ದನಂತೆ.

ತಿರುಗಿಯೂ ನೋಡದೆ, "ಇಲ್ಲಿ ಈಗ ತುಕ್ಕಿಲ್ಲ. ನಿನ್ನ ಗೊಂಬೇಲೂ ತೆಗಿ," ಎಂದ.

ನನಗೆ ರೇಗಿಹೋಯಿತು. ಅದು ನನ್ನ ಜೀವಮಾನದ ಅತ್ಯುತ್ತಮ ತುಕ್ಕು! ತೆಗೆಯುವುದಿಲ್ಲ ಎಂದೆ.

"ನಿಜದ್ದಕ್ಕೆ ಹೋಲ್ದೇ ಇದ್ರೆ ಕೊಡಲ್ಲ ಅಂತ ಬಡ್ಕೊಂಡೋಳು ಯಾರು?"

ಮನೆಗೆ ಬಂದು, ಹತ್ತಿ ಸುತ್ತಿದ ಕಡ್ಡಿಯಿಂದ ಮಾದರಿಯ ಮೇಲಿನ ಮೂರು ದಿನದ ಕೆಲಸವನ್ನು ಒರೆಸಿ ತೆಗೆದೆ. ಅವನು ಎಲ್ಲಿಗೆ ನಿಲ್ಲಿಸಿದ್ದನೋ ಅಲ್ಲಿಗೇ ಸರಿಯಾಗಿ ರೆಡ್ ಆಕ್ಸೈಡ್ ಬಳಿದೆ. ಸೋರಿಳಿದ ಹನಿಗಳನ್ನೂ ಬಿಡಲಿಲ್ಲ. ಹಂದಿ ಉರುಳಾಡಿದ ಹಾಗೆ ಬಣ್ಣ ಬಳಿಯುತ್ತಾನೆ.

ಮಾರ್ಚ್ 15, ಶನಿವಾರ

ಈಗ ಅವನೊಬ್ಬನೇ ಅಲ್ಲ, ಸಂಘದವರೆಲ್ಲ ಸೇರಿಕೊಂಡಿದ್ದಾರೆ. ಅಧ್ಯಕ್ಷರು ಹೆಂಡತಿಯ ಪಾತ್ರೆ ತೊಳೆಯುವ ಕೈಗವಸು ಹಾಕಿಕೊಂಡು ಮೂರನೇ ಕಿಟಕಿಗೆ ಗಾಜು ಕೂರಿಸುತ್ತಿದ್ದರು. ತಮ್ಮ ಮನೆಯ ತೋಟದ ಗುಡಿಸಲಿನ ಗಾಜಂತೆ. ಈ ತಿಂಗಳು ಮುಗಿಯುವವರೆಗೆ ತಡೆಯಲಾಗುತ್ತಿರಲಿಲ್ಲವೇ, ನಾನು ಮತ್ತೆ ಮೂರನೇ ಕಿಟಕಿ ಮಾಡಬೇಕಲ್ಲ ಎಂದು ಕೂಗಿದೆ.

"ನಿಮ್ಮ ಮಾದರೀಲಿ ಆ ಟೇಪು ನೋಡ್ದಾಗಿಂದ ನಂಗೆ ನಿದ್ದೆ ಬರ್ತಿಲ್ಲ," ಎಂದರು.

ಬರಬಾರದು. ಆದರೆ ಗಾಜು ಅಲುಗದಂತೆ ಅಂಚಿಗೆ ಲಪ್ಪ ಮೆತ್ತಿ ಹಚ್ಚುವುದು ಅವರಿಗೆ ಗೊತ್ತಿಲ್ಲ, ಬೆರಳಿಗೇ ಹೆಚ್ಚು ಹತ್ತಿತ್ತು. ಕಸಿದುಕೊಂಡು ನಾನೇ ಹಚ್ಚಿದೆ. ಅದು ಮುಗಿದರೆ ಪಕ್ಕದ ಕಿಟಕಿಯದೂ ಒಣಗಿ ಉದುರುತ್ತಿದೆ. ಕತ್ತಲಾಗುವವರೆಗೆ ಅಲ್ಲೇ ಆಯಿತು. ಅಧ್ಯಕ್ಷರ ಹೆಂಡತಿ ಬಿಸಿ ಸಿಹಿಗಂಜಿ ತಂದುಕೊಟ್ಟಳು, ಎರಡು ಬಟ್ಟಲು ಕುಡಿದೆ. ಮಾದರಿಯ ಕೆಲಸ ಒಂದಿಷ್ಟೂ ಆಗಲಿಲ್ಲ. ಇವರು ನನ್ನನ್ನು ನೆಮ್ಮದಿಯಾಗಿ ಕೆಲಸ ಮಾಡಲು ಬಿಡುವುದಿಲ್ಲ.

ಮಾರ್ಚ್ 23, ಭಾನುವಾರ

ಒಂದು ಕಡೆ ಮುಗಿಸಿ ಇನ್ನೊಂದು ಕಡೆ ಹಿಡಿಯಿರಿ ಎಂದರೆ ಯಾರೂ ಕೇಳುವುದಿಲ್ಲ. ಬಲಗಡೆ ಕೆರೆಯುತ್ತಾರೆ, ಎಡಗಡೆ ಬಳಿಯುತ್ತಾರೆ. ಸೂರನ್ನು ಇವರ ಕೈಗೆ ಕೊಡಲು ಧೈರ್ಯ ಬರದೆ ನಾಲ್ಕು ದಿನ ನಾನೇ ಹತ್ತಿ ಕ್ಯಾನ್ವಾಸಿಗೆ ತೇಪೆ ಹಾಕಿದೆ, ಅಂಚು ಮಡಚಿ, ಒಂದು ಸುಕ್ಕೂ ಇಲ್ಲದ ಹಾಗೆ. ಮೊಣಕಾಲು ಹೋಗಿದೆ. ಕೆಳಗಿನಿಂದ ಮುದುಕ, ಗಾಳಿಗೂಡು ಹೇಗಿದೆ ಎಂದು ದೊಡ್ಡ ತಿಳಿದವನಂತೆ ವಿಚಾರಿಸುತ್ತಾನೆ.

ಮನೆಯಲ್ಲಿ ಮಾದರಿಯ ಮೇಲೆ ಧೂಳು ಕೂತಿದೆ. ಒರೆಸಬೇಕು.

ಮಾರ್ಚ್ 31, ಸೋಮವಾರ

ಕಟಾಗಿರಿ ವ್ಯಾನಿನಲ್ಲಿ ಗಾಜಿನ ಪೆಟ್ಟಿಗೆ ಹೇರಿಕೊಂಡು ಬಂದ.

ನಾನು ಮಾತು ಕೊಟ್ಟವಳು. ಶನಿವಾರ ಸಂಜೆಯವರೆಗೆ ಬಂಡಿಯಲ್ಲಿ ಏನೇನು ಬದಲಾಗಿತ್ತೋ ಅಷ್ಟನ್ನೂ ಭಾನುವಾರವೆಲ್ಲ ಮನೆಯಲ್ಲಿ ಕೂತು ಮಾದರಿಗೆ ಇಳಿಸಿದ್ದೆ. ಹೊಸ ಗಾಜು, ಸೂರಿನ ತೇಪೆ, ಕೆರೆದ ಭಾಗ, ಬಳಿದ ಭಾಗ, ಎಲ್ಲವನ್ನೂ. ಕತ್ತು ಕುಯ್ಯುವವನಿಗೆ ಕೊಡುವುದಾದರೂ ಕೆಟ್ಟ ಕೆಲಸ ಕೊಡಲಾರೆ. ಬೆಂಚಿನ ಮೇಲಿಟ್ಟು ಪಕ್ಕಕ್ಕೆ ಸರಿದೆ. ಸಂಘದವರು ಕೆರೆಯುವ ಉಳಿ, ಬ್ರಷ್ಷು ಹಿಡಿದು ಹಿಂದೆ ನಿಂತಿದ್ದರು.

ಕಟಾಗಿರಿ ಮಾದರಿಯನ್ನು ನೋಡಿದ, ಬಂಡಿಯನ್ನು ನೋಡಿದ. ಸುತ್ತುಹಾಕಿದ. ಮತ್ತೊಮ್ಮೆ ಹಾಕಿದ. ಬಂಡಿಯ ಎಡಗಡೆಯ ಬಾಗಿಲಿನ ಹತ್ತಿರ ನಿಂತು ಬೆರಳಿಂದ ಮುಟ್ಟಿದ. ಬೆರಳಿಗೆ ಕೆನೆ ಬಣ್ಣ ಹತ್ತಿತು. ಇವತ್ತು ಬೆಳಿಗ್ಗೆ ನಾನು ಬರುವ ಮೊದಲೇ ಓಗುಶಿ ಆ ಬಾಗಿಲಿಗೆ ಬಣ್ಣ ಬಳಿದಿದ್ದ. ನನ್ನ ಮಾದರಿಯಲ್ಲಿ ಅದಿನ್ನೂ ರೆಡ್ ಆಕ್ಸೈಡ್.

ಕಟಾಗಿರಿ ಬೆರಳನ್ನು ನೋಡಿದ, ಸಂಘದವರ ಕೈಯ ಬ್ರಷ್ಷುಗಳನ್ನು ನೋಡಿದ.

"ಇದು ಹೋಲ್ತಾ ಇಲ್ಲ, ನರಾಸಾಕಿ ಸಾನ್. ನಾನು ಒಪ್ಕೊಳ್ಳೋಕೆ ಆಗಲ್ಲ," ಎಂದ.

ನೆತ್ತಿಗೆ ರಕ್ತ ಏರಿತು. ನಾನು ಮಾಡಿದ ಒಂದು ಹಲ್ಲೂ ಇದುವರೆಗೆ ಹೋಲುವುದಿಲ್ಲವೆಂದು ವಾಪಸು ಬಂದಿಲ್ಲ! ಒಂದು ಬಾಗಿಲು ತಾನೇ, ಬಣ್ಣದ ಡಬ್ಬಿ ಚೀಲದಲ್ಲೇ ಇದೆ, ಕೂತು ಚಹಾ ಕುಡಿಯುವಷ್ಟರಲ್ಲಿ ಬಳಿದುಕೊಡುತ್ತೇನೆ ಎಂದು ಚೀಲಕ್ಕೆ ಕೈ ಹಾಕಿದೆ. ಓಗುಶಿ ಮುದುಕ ನನ್ನ ಪಾದವನ್ನು ಬಲವಾಗಿ ತುಳಿದ. ಅವನು ಹಾಕಿಕೊಳ್ಳುವುದು ಚಾಲಕರ ಹಳೆಯ ಬೂಟು. ಚೀರಿಕೊಂಡು ಅಲ್ಲೇ ಕೂತೆ.

ಕಟಾಗಿರಿ ಕರವಸ್ತ್ರದಿಂದ ಬೆರಳು ಒರೆಸಿಕೊಂಡ. ಮುಗಿದಿಲ್ಲ ಎಂದು ಮೇಲಿನವರಿಗೆ ವರದಿ ಮಾಡುತ್ತೇನೆ, ಯಂತ್ರದವರನ್ನು ಕರೆಸದೆ ಅವರು ಎಷ್ಟು ದಿನ ಸುಮ್ಮನಿರುತ್ತಾರೋ ಹೇಳಲಾರೆ, ಸೂರು ಭದ್ರವಾಗಿದೆಯೇ ಎಂದು ನೋಡಲು ಜನ ಬರುತ್ತಾರೆ ಎಂದ. ಗಾಜಿನ ಪೆಟ್ಟಿಗೆಯನ್ನು ಮತ್ತೆ ವ್ಯಾನಿಗೆ ಹಾಕಿಸಿದ. ಹತ್ತುವ ಮೊದಲು ಓಗುಶಿಯ ಕಡೆ ತಿರುಗಿ, ಆ ಕಡೆಯ ಬಾಗಿಲಿಗೆ ಯಾವಾಗ ಬಣ್ಣ ಬಳಿಯುತ್ತೀರಿ ಎಂದು ಕೇಳಿದ.

"ಇವಳು ಗೊಂಬೇಲಿ ಈ ಬಾಗಿಲು ಮುಗಿಸಿದ ಮಾರನೇ ದಿನ," ಎಂದ ಮುದುಕ.

ಪಾದ ಊದಿ ಬದನೆಕಾಯಿಯಾಗಿದೆ, ಬಿಸಿನೀರಿನಲ್ಲಿ ಇಟ್ಟುಕೊಂಡು ಬರೆಯುತ್ತಿದ್ದೇನೆ. ಸಿಟ್ಟು ಇನ್ನೂ ಇಳಿದಿಲ್ಲ. ಎಲ್ಲರೆದುರು ನನ್ನ ಕೆಲಸ ವಾಪಸು ಹೋಯಿತು, ಅದೂ ಅವನ ಬಣ್ಣದ ದೆಸೆಯಿಂದ. ಅದಾದರೂ ಸರಿಯಾದ ಬಣ್ಣವೇ? ಹಳದಿ ಜಾಸ್ತಿಯಾಗಿದೆ, ಏಳನೇ ನಂಬರಿನ ಕೆನೆ ಬಣ್ಣ ಹಾಗಿರಲೇ ಇಲ್ಲ. ನಾಳೆ ಬೆಳಿಗ್ಗೆ ಹೋಗಿ ಆ ಬಾಗಿಲನ್ನು ಪೂರ್ತಿ ಕೆರೆಸಿ ಮೊದಲಿನಿಂದ ಬಳಿಸುತ್ತೇನೆ.